ನಮ್ಮ ಮನೆಯಲ್ಲಿ ಮದ್ದು ಅಂದರೆ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರ ಬರೆಯುವಾಗ ಪೆನ್ನು ಕೆಳಗಿನ ಸಾಲಿಗೆ ಇಳಿದುಬಿಡುತ್ತದೆ, ಆಮೇಲೆ ಆ ಸಾಲಿನಲ್ಲಿ ಬರೆಯಲು ಜಾಗ ಇರುವುದಿಲ್ಲ. ನನ್ನ ಹತ್ತಿರ ಇರುವ ಮಾತುಗಳೂ ಕಡಿಮೆ. ಮನೆಯಲ್ಲಿ ನಾವು ಆಡುವ ಕನ್ನಡದಲ್ಲಿ ಅರ್ಧ ತಮಿಳು ಬೆರೆತಿದೆ. ಯಾವುದು ಯಾವುದರದು ಎಂದು ನನಗೆ ಈಗೀಗ ತಿಳಿಯುತ್ತಿದೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಓದು ಅಂದರೆ ಗಂಟಲು ಕಟ್ಟಿಬಿಡುತ್ತಿತ್ತು. ಕನ್ನಡ ಅಕ್ಷರವನ್ನು ತಮಿಳುನಾಡಿನ ಕಂಬಂನಲ್ಲಿ, ಮನೆಮಾತು ಕನ್ನಡವಾದ ನಮ್ಮ ಜನರ ಸಂಘದ ಮಹಡಿಯ ಮೇಲೆ ತಮಿಳರಸಿ ಅಕ್ಕ ಭಾನುವಾರಗಳಲ್ಲಿ ಕಲಿಸಿದರು. ಓದಲು ಬಂದ ಮೇಲೆ ಅವರು ನಮಗೆಲ್ಲ ಒಂದು ಕೆಲಸ ಕೊಟ್ಟರು. ನಿಮ್ಮ ಮನೆಯ ಹಿರಿಯರೊಬ್ಬರು ಇಷ್ಟಪಟ್ಟು ಮಾಡುವ ಕೆಲಸದ ಬಗ್ಗೆ ಬರೆದು ತನ್ನಿ, ಸಂಘದ ವರ್ಷದ ಸಂಚಿಕೆಯಲ್ಲಿ ಹಾಕೋಣ ಅಂದರು.

ಉಳಿದವರು ದ್ರಾಕ್ಷಿ ಬಳ್ಳಿ ಕತ್ತರಿಸುವುದು, ಹಗ್ಗ ಹೊಸೆಯುವುದು, ನಾಯಿಮರಿ ಪಳಗಿಸುವುದು ಎಂದು ಆರಿಸಿಕೊಂಡರು. ನಾನು ನನ್ನ ಅಮ್ಮನ ಅಪ್ಪ ಪೆರಿಯಸಾಮಿ ತಾತನವರು ತೋಟಾ ತುಂಬುವುದನ್ನು ಆರಿಸಿಕೊಂಡೆ. ತೋಟಾ ಅಂದರೆ ಬಂದೂಕಿಗೆ ಹಾಕುವುದು. ಅರ್ಧ ಬರೆದು ಮುಗಿಸಿದ್ದೆ, ಅದರಲ್ಲಿ ಬರೀ ಸಂತೋಷದ ವಿಷಯವೇ ಇತ್ತು. ಆಮೇಲೆ ನಡೆದದ್ದರಿಂದ ಅದನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ. ತಾತ ತುಂಬಿದ ತೋಟಾವನ್ನು ಹೊಡೆಯುವವರು ಅವರ ಮಗ, ನನ್ನ ಧನಪಾಲ್ ಮಾವ. ಹೊಡೆಯುವಾಗ ಬಂದೂಕಿನ ಮರದ ಹಿಡಿಗೆ ಕೆನ್ನೆ ಒತ್ತಿ ಹಿಡಿಯಬೇಕು. ತುಂಬುವುದರಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಹೋಗುವುದು ಆ ಕೆನ್ನೆ, ಆ ಕಣ್ಣು. ಓದುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ನಮ್ಮ ಮನೆ ಕೊಂಬೈಯಲ್ಲಿದೆ. ಹೊಲ ಇನ್ನೂ ಪಡುವಣಕ್ಕೆ, ಬೆಟ್ಟದ ಬುಡದಲ್ಲಿ. ಕಡಲೆಕಾಯಿ ಮತ್ತು ಮೆಕ್ಕೆಜೋಳ ಹಾಕಿದರೆ ಕಾಡುಹಂದಿ ಇಳಿದು ಬರುತ್ತದೆ. ಅದನ್ನು ಬೆದರಿಸಿ ಓಡಿಸಲು ಗಾಳಿಗೆ ಗುಂಡು ಹೊಡೆಯುತ್ತಾರೆ. ಬಂದೂಕು ಒಂದೇ ನಳಿಗೆಯದು, ನಡುವಿನಲ್ಲಿ ಮಡಚಿ ತೆರೆದು ಹಿಂದಿನಿಂದ ತೋಟಾ ಹಾಕಿ ಮುಚ್ಚುವಂಥದು. ಲೈಸೆನ್ಸು ತಾತನ ಹೆಸರಿನಲ್ಲಿದೆ, ಮಾವನ ಹೆಸರನ್ನೂ ಸೇರಿಸಿದ್ದಾರೆ. ಅಂಗಡಿಯ ತೋಟಾ ಬೇಕೆಂದರೆ ಮಧುರೆಯಿಂದ ತರಬಹುದು. ಆದರೆ ತಾತ ತಾವೇ ತುಂಬುತ್ತಾರೆ. ಅದಕ್ಕೆ ಬೇಕಾದ ಅನುಮತಿಯನ್ನೂ ಬಹಳ ಅಲೆದು ಬರೆಸಿಕೊಂಡು ಬಂದಿದ್ದಾರೆ.

ಹೊಲಕ್ಕೆ ಬೇಕಾದದ್ದು ವಾರಕ್ಕೆ ಎರಡೋ ಮೂರೋ ತೋಟಾ. ತಾತ ತುಂಬುವುದು ಅದಕ್ಕಲ್ಲ, ಅದರಲ್ಲಿ ಅವರಿಗೆ ಸಿಗುವ ಸುಖಕ್ಕೆ. ಮೊದಲೆಲ್ಲ ದಿಂಡಿಗಲ್‌ನಲ್ಲಿ ಗುರಿ ಹೊಡೆಯುವವರ ಒಂದು ಕೂಟಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದರು. ಅಲ್ಲಿ ಗಾಳಿಯಲ್ಲಿ ಹಾರಿಬಿಡುವ ಮಣ್ಣಿನ ಬಿಲ್ಲೆಗೆ ಹೊಡೆಯಬೇಕು. ತಾತನ ಗುರಿ ಅಷ್ಟೇನೂ ಒಳ್ಳೆಯದಲ್ಲವಂತೆ. ಬಿಲ್ಲೆ ತಪ್ಪಿಸಿಕೊಂಡು ಹೋದರೂ ಅವರಿಗೆ ಬೇಸರವಿಲ್ಲ. ತೋಟಾ ಸರಿಯಾಗಿ ಸಿಡಿಯಿತಲ್ಲ, ಅಷ್ಟು ಸಾಕು. ಒಮ್ಮೆ ನನ್ನೊಡನೆ ಹೇಳಿದರು, "ಹೊಡ್ಯೋದು ಒಂದ್ ಗಳ್ಗೆ ಕಣ್ಣು. ತುಂಬೋದು ಒಂದ್ ದಿನ. ಯಾವ್ದು ದೊಡ್ದು, ನೀನೇ ಹೇಳು." ಕಣ್ಣು ಎಂದು ತಾತ ನನ್ನನ್ನು ಮುದ್ದಿಗೆ ಕರೆಯುತ್ತಾರೆ.

ತುಂಬುವ ದಿನ ಮನೆಗೆ ಒಂದು ಬೇರೆ ವಾಸನೆ ಬರುತ್ತದೆ. ಹೊಡೆದು ಖಾಲಿಯಾದ ಹಿತ್ತಾಳೆಯ ಕೊಳವೆಗಳನ್ನು ಹುಣಸೆಹುಳಿ ಹಾಕಿ ಉಜ್ಜುತ್ತೇವೆ, ಮೊರದಲ್ಲಿ ಹರಡಿ ಬಿಸಿಲಿಗೆ ಇಡುತ್ತೇವೆ. ಒಣಗಿದ ಮೇಲೆ ತಾತ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತಾರೆ. ಬಿರುಕು ಬಿಟ್ಟದ್ದು ಮಂದವಾಗಿ ಸದ್ದು ಮಾಡುತ್ತದೆ, ಅದನ್ನು ಗುಜರಿಗೆ ಹಾಕುತ್ತಾರೆ. ಹೊಲಿಗೆ ಯಂತ್ರ ಕಳಚಿದ ಹಳೆಯ ಮೇಜೊಂದು ಕಿಟಕಿಯ ಪಕ್ಕದಲ್ಲಿದೆ, ಅದೇ ಅವರ ಜಾಗ. ಕೊಳವೆಯ ಬುಡಕ್ಕೆ ಕಿಡಿ ಹೊತ್ತಿಸುವ ಕೇಪು ಕೂರಿಸುವ ಹಿತ್ತಾಳೆಯ ಅಚ್ಚನ್ನು ದಿಂಡಿಗಲ್‌ನ ಬೀಗ ಮಾಡುವವರೊಬ್ಬರಿಂದ ಮಾಡಿಸಿದ್ದು. ತೂಗುವ ತಕ್ಕಡಿ ಕಂಬಂನ ಅಕ್ಕಸಾಲಿಗರದು, ಗಾಜಿನ ಪೆಟ್ಟಿಗೆಯ ಒಳಗಿದೆ. ಮದ್ದಿನ ಮೇಲೆ ಒತ್ತುವ ದಪ್ಪ ಬಿಲ್ಲೆಗಳನ್ನು ಹಳೆಯ ಕಂಬಳಿಯಿಂದ ಕತ್ತರಿಸುತ್ತಾರೆ. ಎಲ್ಲಕ್ಕೂ ಮೇಲೆ ಬಾಯಿ ಮುಚ್ಚುವ ತೆಳು ಬಿಲ್ಲೆಗೆ ಮದುವೆ ಪತ್ರಿಕೆಗಳು. ಊರಿನಲ್ಲಿ ಯಾರು ಮದುವೆಗೆ ಕರೆದರೂ ಆ ಪತ್ರಿಕೆ ಕಡೆಗೆ ಬಂದೂಕಿನ ಬಾಯಿಂದಲೇ ಹೊರಗೆ ಹೋಗುತ್ತದೆ ಎಂದು ಮಾವ ನಗುತ್ತಾರೆ. ತುಂಬಿ ಮುಗಿದ ಮೇಲೆ ತಾತ ತೋಟಾಗಳನ್ನು ಪಂಕ್ತಿಯಲ್ಲಿ ಕುಳಿತವರ ಹಾಗೆ ಸಾಲಾಗಿ ನಿಲ್ಲಿಸಿ ಬಹಳ ಹೊತ್ತು ನೋಡುತ್ತಾರೆ. ಆ ಹೊತ್ತಿನಲ್ಲಿ ಅವರ ಮುಖ ನೋಡಿದವರಿಗೆ ಅವರ ವಯಸ್ಸು ಮರೆತುಹೋಗುತ್ತದೆ.

ಈ ಕೆಲಸಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಇದೆ. ಮದ್ದು ಎಂದರೆ ಬಂದೂಕಿನ ಮದ್ದು ಮಾತ್ರ. ಜ್ವರಕ್ಕೆ ಕುಡಿಯುವುದು, ಗಾಯಕ್ಕೆ ಹಚ್ಚುವುದು, ಎಲ್ಲಕ್ಕೂ ನಾವು ತಮಿಳಿನಲ್ಲಿ ಮರುಂದು ಅನ್ನುತ್ತೇವೆ. ಈ ಎರಡು ಮಾತುಗಳನ್ನು ಹೀಗೆ ಬೇರೆ ಮಾಡಿಟ್ಟವರು ನನ್ನ ಅಜ್ಜಿ ನಾಗಮ್ಮಾಳ್. ಅಜ್ಜಿ ಇದ್ದಾಗ, ತಾತ ತುಂಬುವ ದಿನ ಅವರು ಬಾಗಿಲ ಹತ್ತಿರ ಕುಳಿತು ಬತ್ತಿ ಹೊಸೆಯುತ್ತಾ ಪ್ರತಿ ತೋಟಾಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಮದ್ದು ಹಾಕಾಯ್ತಾ?" ಹಾಕಿದ್ದರೆ ತಾತ "ಆಯ್ತು" ಅಂದು ಬಿಲ್ಲೆ ಒತ್ತುತ್ತಿದ್ದರು. ಹಾಕಿಲ್ಲದಿದ್ದರೆ "ಇಲ್ಲ, ಹಾಕ್ತೀನಿ" ಅಂದು ಹಾಕುತ್ತಿದ್ದರು. ಕೊಳವೆಯ ಒಳಗೆ ಕತ್ತಲೆ ಇರುತ್ತದೆ. ಹಾಕಿದ್ದೇನೋ ಇಲ್ಲವೋ ಎಂಬ ಸಂಶಯ ಕೈಗೆ ಬರಬಾರದು, ಅದಕ್ಕೇ ಬಾಯಲ್ಲಿ ಕೇಳಬೇಕು, ಬಾಯಲ್ಲಿ ಹೇಳಬೇಕು. ಅಜ್ಜಿ ತೀರಿಕೊಂಡ ಮೇಲೆ ಆ ಜಾಗದಲ್ಲಿ ನಾನು ಕುಳಿತೆ. ನನಗೆ ಯಾರ ಜೊತೆಗೂ ಮಾತಾಡಲು ಬರುವುದಿಲ್ಲ, ಆದರೆ ಆ ಒಂದು ಪ್ರಶ್ನೆಯನ್ನು ಕೇಳಲು ಬರುತ್ತದೆ.

ಈ ವರ್ಷ ತಾತನಿಗೆ ಕಣ್ಣಿನ ಪೊರೆ ತೆಗೆಸಿದೆವು. ನೋಡಿಕೊಳ್ಳಲು ವೇದಸಂದೂರಿನಿಂದ ಅವರ ಅಕ್ಕ ಬಂದರು. ಅವರ ಹೆಸರು ಪಿಚ್ಚೈಯಮ್ಮಾಳ್, ನಾನು ದೊಡ್ಡಜ್ಜಿ ಅನ್ನುತ್ತೇನೆ. ಅಲ್ಲಿನ ನೂಲಿನ ಮಿಲ್ಲಿಗೆ ಹೋಗುವ ನನ್ನ ಅಮ್ಮ ಇರುವುದೂ ಅವರ ಮನೆಯಲ್ಲೇ. ದೊಡ್ಡಜ್ಜಿಯ ಬಾಯಿ ಜೋರು, ಮನಸ್ಸು ಒಳ್ಳೆಯದು. ಒಳಗೆ ಕಾಲಿಟ್ಟವರೇ ತಾತನ ಕಣ್ಣಿನ ಮೇಲಿನ ಹಸಿರು ಬಟ್ಟೆ ನೋಡಿ, "ಏನ್ ತಂಬಿ, ಗಿಣಿ ಆಗ್ಬುಟ್ಟಿದೀಯಲ್ಲ" ಅಂದರು. ಮೇಜಿನ ಮೇಲಿದ್ದ ಡಬ್ಬಿ ತೆರೆದು ನೋಡಿದರು. ಅದರಲ್ಲಿ ಸೀಸದ ಸಣ್ಣ ಗುಂಡುಗಳಿದ್ದವು, ಅದಕ್ಕೆ ನಮ್ಮ ಕಡೆ ರವೆ ಎಂದೇ ಹೆಸರು.

"ಈ ರವೇಲಿ ಉಪ್ಮಾ ತಿರುವಿ ಹಾಕ್ಲಾ ನಿಂಗೆ?" ಅಂದರು.

"ಅಕ್ಕ, ನೀ ಹೊಲದ ಬದೀಲಿ ನಿಂತು ಹಿಂಗೇ ಮಾತಾಡು. ಹಂದಿ ಕೆಳಗೇ ಇಳಿಯಲ್ಲ. ನಂಗೆ ಬಂದೂಕೇ ಬ್ಯಾಡ," ಅಂದರು ತಾತ.

ದೊಡ್ಡಜ್ಜಿ ಹಳೆಯ ಕಾಲದ ಕನ್ನಡ ಆಡುತ್ತಾರೆ. ಅವರ ಮನೆಯಲ್ಲಿ ಬಂದೂಕು ಇಲ್ಲ. ಅವರ ಬಾಯಲ್ಲಿ ಮದ್ದು ಅಂದರೆ ಕಾಯಿಲೆಗೆ ಕೊಡುವುದು. ನಮ್ಮ ಮನೆಯ ಕಟ್ಟುಪಾಡು ಅವರಿಗೆ ಗೊತ್ತಿರಲಿಲ್ಲ, ಅದನ್ನು ಹೇಳಬೇಕೆಂದು ನಮಗೂ ಹೊಳೆಯಲಿಲ್ಲ. ಮನೆಯವರೇ ತಾನೇ, ಎಲ್ಲರಿಗೂ ಗೊತ್ತಿರುತ್ತದೆ ಅನ್ನಿಸಿತ್ತು.

ಸೂಕ್ಷ್ಮದ ಕೆಲಸ ಸ್ವಲ್ಪ ದಿನ ಬೇಡ ಎಂದು ಡಾಕ್ಟರು ಹೇಳಿದ್ದರು. ತಾತ ಬಹಳ ತಾಳ್ಮೆಯಿಂದ ಇದ್ದರು. ಮೇಜಿನ ಹತ್ತಿರ ಹೋಗಿ ಅಚ್ಚನ್ನು ಎತ್ತಿ ಕೈಯಲ್ಲಿ ತೂಗಿ ಮತ್ತೆ ಇಡುತ್ತಿದ್ದರು. ಖಾಲಿ ಕೊಳವೆಯೊಂದನ್ನು ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಅಷ್ಟರಲ್ಲಿ ಹೊಲಕ್ಕೆ ಹಂದಿ ಇಳಿಯಿತು. ಮಾವ ಮಧುರೆಗೆ ಹೋಗಿ ಅಂಗಡಿಯ ತೋಟಾ ತರುತ್ತೇನೆ ಅಂದರು. ನಾನು ಬದುಕಿರುವಾಗ ಅಂಗಡಿ ತೋಟಾ ಈ ಮನೆಗೆ ಯಾಕೆ ಎಂದು ತಾತ ಕೇಳಿದರು. ಧ್ವನಿ ಏರಿಸಿ ಹೇಳಲಿಲ್ಲ, ಆದರೆ ಮಾವ ಮತ್ತೆ ಆ ಮಾತು ಎತ್ತಲಿಲ್ಲ.

ಮಾರನೆಯ ದಿನ ಊಟವಾದ ಮೇಲೆ ತಾತ ಮೇಜಿಗೆ ಕುಳಿತರು. ಹಸಿರು ಬಟ್ಟೆ ತೆಗೆದಾಗಿತ್ತು, ಕಪ್ಪು ಕನ್ನಡಕ ಹಾಕಿದ್ದರು. ಉಳುವಾಗ ಹೇಳುವ ಒಂದು ಮಡಿಕೆ ಹಾಡನ್ನು ಮೂಗಿನಲ್ಲೇ ಗುನುಗುತ್ತಾ ಒಂದೊಂದೇ ಕೊಳವೆಗೆ ಕೇಪು ಕೂರಿಸಿದರು. ಮೊದಲಿನ ಕೆಲವಕ್ಕೆ ನಾನು ಬಾಗಿಲಲ್ಲಿ ಕುಳಿತು ಕೇಳಿದೆ, ತಾತ ಆಯ್ತು ಆಯ್ತು ಅಂದರು. ಆಮೇಲೆ ಇನ್ನಷ್ಟು ಕೊಳವೆ ಬೇಕು, ಉಜ್ಜಿ ತಾ ಎಂದು ನನ್ನನ್ನು ಹಿತ್ತಿಲಿಗೆ ಕಳಿಸಿದರು. ನೀನು ಬರುವ ತನಕ ನಾನು ನಿಧಾನವಾಗಿ ಮಾಡುತ್ತಿರುತ್ತೇನೆ ಅಂದರು.

ನಾನು ಒಗೆಯುವ ಕಲ್ಲಿನ ಹತ್ತಿರ ಕುಳಿತು ಹುಣಸೆಹುಳಿ ಹಾಕಿ ಉಜ್ಜುತ್ತಿದ್ದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಬರುತ್ತಿತ್ತು. ಆ ಸದ್ದಿನ ನಡುವೆ ದೊಡ್ಡಜ್ಜಿಯ ಧ್ವನಿ ಕೇಳಿಸಿತು.

"ತಂಬೀ, ಮದ್ದು ಹಾಕಾಯ್ತಾ?"

ಆಮೇಲೆ ತಾತ, "ಇಲ್ಲಕ್ಕಾ. ಇರು, ಹಾಕ್ತೀನಿ," ಅಂದರು.

ದೊಡ್ಡಜ್ಜಿಯೂ ನಮ್ಮ ಪದ್ಧತಿ ಕಲಿತುಬಿಟ್ಟರಲ್ಲ ಎಂದು ನನಗೆ ಅನ್ನಿಸಿತು. ಸಂತೋಷವೇ ಆಯಿತು. ಅಜ್ಜಿಯ ಧ್ವನಿಗೂ ದೊಡ್ಡಜ್ಜಿಯ ಧ್ವನಿಗೂ ಹೋಲಿಕೆ ಇಲ್ಲ, ಆದರೆ ಆ ಮಾತು ಒಂದೇ, ಆ ಎಳೆತ ಒಂದೇ.

ಸಂಜೆಯ ಕಾಫಿಗೆ ಮೊದಲು ಮಾವ ಬಂದರು. ಹನ್ನೆರಡು ತೋಟಾ ಸಾಲಾಗಿ ನಿಂತಿದ್ದವು. ಅವನ್ನು ಚರ್ಮದ ಪಟ್ಟಿಗೆ ಸಿಕ್ಕಿಸಿಕೊಂಡು, ಬಂದೂಕನ್ನು ಚೀಲಕ್ಕೆ ಹಾಕಿಕೊಂಡು ಮೋಟಾರ್ ಸೈಕಲ್ ಹತ್ತಿದರು. ನಮ್ಮ ನಾಯಿ ಮುಂದೆ ಟ್ಯಾಂಕಿನ ಮೇಲೆ ಕುಳಿತುಕೊಂಡಿತು. ತಾತ ಬಾಗಿಲ ತನಕ ಹೋಗಿ ನೋಡಿ ಬಂದು, ಇನ್ನು ಕಣ್ಣು ಸರಿಯಾಯಿತು ಎಂದು ನನಗೆ ಹೇಳಿದರು.

ಮೇಜನ್ನು ಒರೆಸುವ ಹೊತ್ತಿಗೆ ದೊಡ್ಡಜ್ಜಿ ಒಂದು ಸಣ್ಣ ಬಾಟಲಿ ಹಿಡಿದು ಬಂದರು. ಅದು ಕಣ್ಣಿಗೆ ಹಾಕುವ ಹನಿ. ಹೊಸದು, ಸೀಲು ಹಾಗೇ ಇತ್ತು.

"ಮಧ್ಯಾನ ಹಾಕ್ತೀನಿ ಅಂದೆ. ಇದರ ಬಿರಡೇನೇ ತೆಗ್ದಿಲ್ಲ ನೀನು," ಅಂದರು.

"ಏನ್ ಹಾಕ್ತೀನಿ ಅಂದೆ?" ತಾತ ಕೇಳಿದರು.

"ಮದ್ದು. ಕಣ್ಣಿಗ್ ಹಾಕೋ ಮದ್ದು. ಇನ್ನೇನ್ ಕೇಳ್ತಾರೆ ನಿನ್ನ?"

ತಾತ ಒರೆಸುತ್ತಿದ್ದ ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟರು. ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ದೊಡ್ಡಜ್ಜಿಗೆ ಏನೂ ಅರ್ಥವಾಗಲಿಲ್ಲ, ಅವರು ತಾತನ ಗಲ್ಲ ಹಿಡಿದು ಎತ್ತಿ ಎರಡು ಕಣ್ಣಿಗೂ ಹನಿ ಬಿಟ್ಟು, ಮಗುವಿಗೆ ಬಯ್ಯುವ ಹಾಗೆ ಬಯ್ದು ಒಳಗೆ ಹೋದರು.

ಕಣ್ಣು ಮುಚ್ಚಿಕೊಂಡೇ ತಾತ ನನಗೆ ಹೇಳಿದರು. ಆ ಹೊತ್ತಿನಲ್ಲಿ ಅವರು ಒಂದು ತೋಟಾಕ್ಕೆ ಮದ್ದು ಹಾಕಿ ಮುಗಿಸಿದ್ದರು ಅಂತ ಈಗ ಅನ್ನಿಸುತ್ತಿದೆ. ಆದರೆ ಅಕ್ಕ ಕೇಳಿದ ಕೂಡಲೇ ಸಂಶಯ ಬಂತು. ಕೊಳವೆಯೊಳಗೆ ನೋಡಿದರು, ಕಪ್ಪು ಕನ್ನಡಕದಲ್ಲಿ ಎಲ್ಲ ಕಪ್ಪಾಗಿ ಕಂಡಿತು. ಕೇಳುತ್ತಿದ್ದಾರೆ ಅಂದರೆ ಹಾಕಿಲ್ಲ ಅಂದುಕೊಂಡು ಮತ್ತೆ ಹಾಕಿದರು. "ಆಮೇಲ್ ಒತ್ತೋವಾಗ ಕಂಬ್ಳಿ ಬಿಲ್ಲೆ ಮೇಲ್ ಮೇಲೇ ನಿಂತ್ಕಂತು. ಕಂಬ್ಳಿ ದಪ್ಪ ಐತೆ ಅಂತ ಬಲವಾಗಿ ಒತ್ಬುಟ್ಟೆ," ಅಂದರು. ಅಂದರೆ ಆ ಹನ್ನೆರಡರಲ್ಲಿ ಒಂದಕ್ಕೆ ಎರಡರಷ್ಟು ಮದ್ದು ಸೇರಿತ್ತು. ಯಾವುದಕ್ಕೆ ಎಂದು ಹೊರಗಿನಿಂದ ಕಾಣುವಂತಿರಲಿಲ್ಲ. ಹನ್ನೆರಡೂ ಮಾವನ ಸೊಂಟದ ಪಟ್ಟಿಯಲ್ಲಿದ್ದವು.

ಮಾವನಿಗೆ ಫೋನು ಮಾಡಿದೆ. ಬೆಟ್ಟದ ಬುಡದಲ್ಲಿ ಸಿಗ್ನಲ್ ಸಿಗುವುದಿಲ್ಲ. ತಾತ ತಾವೇ ಹೊರಟರು, ಹನಿ ಬಿಟ್ಟ ಕಣ್ಣಿನಲ್ಲಿ ಹೊಸ್ತಿಲನ್ನೇ ಎಡವಿದರು. ನಾನು ಹೋಗುತ್ತೇನೆ ಅಂದೆ. ಮಾವನಿಗೆ ಬೇರೆ ಏನೂ ಹೇಳಬೇಡ, ಬಾಕಿ ತೋಟಾ ತಾತ ವಾಪಸ್ ಕೇಳಿದರು ಅನ್ನು, ಅಷ್ಟು ಸಾಕು ಎಂದು ಹೇಳಿ ಕಳಿಸಿದರು.

ಷೇರ್ ಆಟೋದಲ್ಲಿ ಕಟ್ಟೆಯ ತಿರುವಿನ ತನಕ ಹೋದೆ. ಅಲ್ಲಿಂದ ಮುಂದೆ ಕಾಲುದಾರಿ. ನಮ್ಮ ಕಡೆ ಸೂರ್ಯ ಬೇಗ ಬೆಟ್ಟದ ಹಿಂದೆ ಹೋಗುತ್ತಾನೆ. ಆಕಾಶದಲ್ಲಿ ಬೆಳಕಿದ್ದರೂ ಹೊಲದ ಮೇಲೆ ನೆರಳು ಬಿದ್ದಿರುತ್ತದೆ. ಜೋಳದ ಗರಿಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಮಾವನನ್ನು ಕೂಗಬೇಕು ಅನ್ನಿಸಿತು, ಬಾಯಿ ತೆರೆದರೆ ಧ್ವನಿ ಬರಲಿಲ್ಲ. ಓಡಿದೆ. ಆಗ ಒಂದು ಗುಂಡಿನ ಸದ್ದು ಕೇಳಿಸಿತು. ಅದು ನನಗೆ ಗೊತ್ತಿರುವ ಸದ್ದು, ದೊಡ್ಡ ಬಾಗಿಲನ್ನು ಎಳೆದು ಹಾಕಿದ ಹಾಗೆ. ನಿಂತು ಉಸಿರು ಬಿಟ್ಟೆ. ಮತ್ತೆ ಹೆಜ್ಜೆ ಹಾಕುವಷ್ಟರಲ್ಲಿ ಇನ್ನೊಂದು ಬಂತು.

ಅದು ಬೇರೆ ಥರ ಇತ್ತು. ತಗಡಿನ ಚಾವಣಿ ಒಮ್ಮೆಗೇ ಕಿತ್ತುಬಂದ ಹಾಗೆ. ಬೆಟ್ಟ ಅದನ್ನು ಹಿಂದಕ್ಕೆ ಎಸೆಯಿತು. ಹಕ್ಕಿಗಳು ಎದ್ದವು, ಆಮೇಲೆ ಏನೂ ಇಲ್ಲ. ನಾಯಿಯ ಬೊಗಳುವಿಕೆಯೂ ಇಲ್ಲ. ಮಿಕ್ಕ ದಾರಿಯನ್ನು ಹೇಗೆ ನಡೆದೆ ಎಂದು ನನಗೆ ಬರೆಯಲು ಬರುವುದಿಲ್ಲ.

ಮಾವ ಬದುವಿನ ಮೇಲೆ ಕುಳಿತಿದ್ದರು. ಬಂದೂಕು ಅವರ ಕಾಲ ಬಳಿ ಇತ್ತು. ಒಂದು ಕೈಯಲ್ಲಿ ಭುಜ ಹಿಸುಕಿಕೊಳ್ಳುತ್ತಿದ್ದರು. ಕೆನ್ನೆಯ ಮೇಲೆ ಕೆಂಪು ಗೀರು ಬಿದ್ದಿತ್ತು. ಗುಂಡಿನ ಸದ್ದಿಗೆ ಯಾವತ್ತೂ ಅಂಜದ ನಾಯಿ, ಟ್ರಾಕ್ಟರಿನ ಟ್ರೈಲರ್ ಕೆಳಗೆ ಹೋಗಿ ಮಲಗಿತ್ತು. ಎಷ್ಟು ಕರೆದರೂ ಬರಲಿಲ್ಲ.

ನನ್ನನ್ನು ನೋಡಿ ಮಾವ ನಕ್ಕರು. "ನಿಮ್ ತಾತ ಇವತ್ತು ಏನ್ ತುಂಬವ್ನೆ? ಕೋಣ ಒದ್ದಂಗ್ ಒದೀತು. ಭುಜ ಐತಾ ಅಂತ ಮುಟ್ಕಂಡ್ ನೋಡ್ದೆ," ಅಂದರು.

ತಾತ ಹೇಳಿಕೊಟ್ಟಷ್ಟನ್ನೇ ನಾನು ಹೇಳಿದೆ. ಯಾಕೆ ಎಂದು ಕೇಳಿದರು. ನಾನು ಪಟ್ಟಿಗೆ ಕೈ ಚಾಚಿದೆ. ಮಾವ ಕಾಯಲಿಲ್ಲ, ಪಟ್ಟಿಯನ್ನು ಬಿಚ್ಚಿ ಕೊಟ್ಟು, ಮುದುಕನಿಗೆ ಕಣ್ಣು ಬಂದ ಮೇಲೆ ಅನುಮಾನ ಜಾಸ್ತಿಯಾಯಿತು ಎಂದು ಹೇಳುತ್ತಾ ಗಾಡಿ ಚಾಲೂ ಮಾಡಿದರು. ನಾಯಿಯನ್ನು ಎಳೆದು ಹತ್ತಿಸಬೇಕಾಯಿತು.

ಅದು ಮೊನ್ನೆ. ನಿನ್ನೆ ಬೆಳಿಗ್ಗೆ ತಾತ ವಾಪಸ್ ಬಂದ ತೋಟಾಗಳನ್ನು ಒಂದೊಂದಾಗಿ ಬಿಚ್ಚಿದರು. ಈ ಸಲ ಕಪ್ಪು ಕನ್ನಡಕ ತೆಗೆದಿದ್ದರು, ನಾನು ಪಕ್ಕದಲ್ಲೇ ನಿಂತಿದ್ದೆ. ಬಿಲ್ಲೆ ಕೀಳುವುದು, ರವೆಯನ್ನು ತಟ್ಟೆಗೆ ಸುರಿಯುವುದು, ಮದ್ದನ್ನು ತಕ್ಕಡಿಗೆ ಹಾಕುವುದು. ತಕ್ಕಡಿಯ ಮುಳ್ಳು ಪ್ರತಿ ಸಲವೂ ನಡುವಿನಲ್ಲೇ ನಿಂತಿತು. ಕೊನೆಯದನ್ನು ತೂಗಿದ ಮೇಲೆ ತಾತ ಹಿಂದಕ್ಕೆ ಒರಗಿದರು. ಎಲ್ಲವೂ ಸರಿಯಾಗಿದ್ದವು. ಅಂದರೆ ತಪ್ಪಿದ್ದು ಮಾವ ಹೊಡೆದದ್ದರಲ್ಲೇ ಇತ್ತು.

"ಹೋಯ್ತು ಬುಡು. ಪೀಡೆ ಹೋಯ್ತು," ಅಂದರು ತಾತ.

ಅವರ ಮುಖಕ್ಕೆ ಬಣ್ಣ ಬಂತು. ನನ್ನ ಹತ್ತಿರ ಒಂದು ಕಪ್ ಕಾಫಿ ಕೇಳಿದರು. ಕುಡಿದು ಮುಗಿಸಿ, ಅದೇ ಕೊಳವೆಗಳನ್ನು ಮತ್ತೆ ಸಾಲಾಗಿ ನಿಲ್ಲಿಸಿ ಹೊಸದಾಗಿ ತುಂಬಲು ಕುಳಿತರು. ಹಾಡು ಕೂಡ ಶುರುವಾಯಿತು. ಪ್ರತಿಯೊಂದಕ್ಕೂ ನಾನು ಪ್ರಶ್ನೆ ಕೇಳಿದೆ, ಕೇಳಿದ ಮೇಲೆ ಎದ್ದು ಹೋಗಿ ಕೊಳವೆಯೊಳಗೆ ನೋಡಿದೆ. ಆ ತೋಟಾಗಳಲ್ಲಿ ತಪ್ಪಿಲ್ಲ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆಮೇಲೆ ಬಂದೂಕನ್ನು ಒರೆಸಲು ತೆಗೆದೆ. ಅದು ನನ್ನ ಕೆಲಸ. ನಡುವೆ ಮಡಚಿ, ಬಟ್ಟೆ ಹಾಕಿ ನಳಿಗೆ ಒರೆಸಿ, ಮತ್ತೆ ಮುಚ್ಚಿದೆ. ಮುಚ್ಚುವಾಗ ಯಾವಾಗಲೂ ಒಂದು ಗಟ್ಟಿ ಸದ್ದು ಬರುತ್ತದೆ, ಪೆಟ್ಟಿಗೆಗೆ ಬೀಗ ಬಿದ್ದ ಹಾಗೆ. ನಿನ್ನೆ ಆ ಸದ್ದು ಬರಲಿಲ್ಲ. ಎರಡು ಸಲ ತೆರೆದು ಮುಚ್ಚಿದೆ. ಕಿಟಕಿಯ ಬೆಳಕಿಗೆ ಅಡ್ಡಲಾಗಿ ಎತ್ತಿ ಹಿಡಿದೆ. ನಳಿಗೆಯ ಹಿಂಬದಿ ಬಂದೂಕಿನ ಮೈಗೆ ಅಂಟಿ ಕೂರುವ ಜಾಗದಲ್ಲಿ ಒಂದು ಬೆಳಕಿನ ಗೆರೆ ಕಾಣಿಸಿತು. ಮೊದಲು ಅಲ್ಲಿ ಬೆಳಕು ನುಸುಳುತ್ತಿರಲಿಲ್ಲ. ಆ ಗೆರೆ ಇರುವುದು ಕೆನ್ನೆ ಇಡುವ ಜಾಗಕ್ಕೆ ಒಂದು ಗೇಣು ಮುಂದೆ, ಇನ್ನೊಂದು ಗುಂಡು ಹೊಡೆದರೆ ಒಳಗಿನ ಬೆಂಕಿ ಅಲ್ಲಿಂದಲೇ ಹೊರಗೆ ನುಗ್ಗಬಹುದು.

ತಾತನಿಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಆ ಜಾಗವನ್ನು ಸವರಿದರು, ಇನ್ನೊಮ್ಮೆ ಸವರಿದರು. ಏನೂ ಇಲ್ಲ, ಎಣ್ಣೆ ಒಣಗಿದೆ ಅಂದರು. ನನಗೆ ಕಾಣುತ್ತಿದೆ ತಾತ ಅಂದೆ. ಇಷ್ಟು ವರ್ಷ ನನ್ನ ಬೆರಳಿಗೆ ತಿಳಿಯದ್ದು ಇರಲಿಲ್ಲ ಅಂದರು. ಇನ್ನೊಂದು ಸಲ ಹೇಳಿದೆ. ಆಗ ಅವರು ಕಣ್ಣು ತೆರೆದರು, ಬಂದೂಕಿ‌ನ ಕಡೆ ಅಲ್ಲ, ನನ್ನ ಕಡೆ ನೋಡಿದರು.

"ಅವ್ನಿಗ್ ಹೇಳ್ಬ್ಯಾಡ ಕಣ್ಣು," ಅಂದರು. "ಹೇಳುದ್ರೆ ಬಂದೂಕು ಪೋಲೀಸ್ ಟೇಷನ್‌ಗೆ ಹೋಗ್ತದೆ. ಈ ಮೇಜ್ನ ಎತ್ತಿಸ್ಬುಡ್ತಾನೆ. ಆಮೇಲ್ ಬೆಳಿಗ್ಗೆ ಎದ್ದು ನಾ ಎಲ್ ಕುಂತ್ಕಳ್ಲಿ?"

ಮುಂದಿನ ವಾರ ದಿಂಡಿಗಲ್‌ಗೆ ಹೋಗಿ ಆ ಬೀಗದವರ ಹತ್ತಿರ ತೋರಿಸಿಕೊಂಡು ಬರುತ್ತೇನೆ, ಅಲ್ಲಿವರೆಗೆ ಏನೂ ಆಗುವುದಿಲ್ಲ ಎಂದು ತಾತ ತಾವೇ ಹೇಳಿ ತಾವೇ ಸಮಾಧಾನ ಮಾಡಿಕೊಂಡರು. ಅವರು ಮಗನನ್ನು ಪ್ರೀತಿಸುವುದಿಲ್ಲ ಎಂದು ಯಾರೂ ತಿಳಿಯಬಾರದು. ಮಾವನಿಗೆ ಸಣ್ಣ ಜ್ವರ ಬಂದರೂ ತಾತ ಊಟ ಬಿಡುತ್ತಾರೆ. ಗೆರೆ ಇಲ್ಲ ಎಂದು ಅವರು ನಿಜವಾಗಿ ನಂಬಿದ್ದಾರೆ. ಇದೆ ಎಂದು ನಂಬಿದರೆ ಏನೆಲ್ಲ ಹೋಗುತ್ತದೆ ಎಂದು ಅವರಿಗೆ ಗೊತ್ತಿದೆ, ಅದಕ್ಕೇ ನೋಡುತ್ತಿಲ್ಲ.

ಇವತ್ತು ಬೆಳಿಗ್ಗೆ ಮಾವ ದ್ರಾಕ್ಷಿ ಲೋಡಿನ ಜೊತೆ ಕಂಬಂಗೆ ಹೋದರು. ಹೋಗುವಾಗ, ಪಕ್ಕದ ಹೊಲದವರು ಹಂದಿಯ ಹೆಜ್ಜೆ ನೋಡಿದ್ದಾರೆ, ಬಂದವನೇ ಹೊಲಕ್ಕೆ ಹೋಗಬೇಕು, ಬಂದೂಕು ತೆಗೆದಿಡಿ ಅಂದರು. ತಾತ ಪಟ್ಟಿಗೆ ತೋಟಾಗಳನ್ನು ಸಿಕ್ಕಿಸಿ, ಬಂದೂಕಿಗೆ ಎಣ್ಣೆ ಬಿಟ್ಟು, ಎರಡನ್ನೂ ಗೋಡೆಯ ಮೊಳೆಗೆ ತೂಗುಹಾಕಿದ್ದಾರೆ. ಪಟ್ಟಿಯ ತೋಟಾಗಳ ಬಾಯಲ್ಲಿ ಯಾರದೋ ಮದುವೆ ಪತ್ರಿಕೆಯ ಅರಿಶಿನ ಬಣ್ಣ ಕಾಣುತ್ತಿದೆ. ದೊಡ್ಡಜ್ಜಿ ಈಗ ನನ್ನಿಂದ ಕಲಿತು ಮರುಂದು ಮರುಂದು ಎಂದು ಕರೆದು ಹನಿ ಹಾಕುತ್ತಾರೆ. ಯಾಕೆ ಆ ಮಾತು ಬದಲಾಯಿಸಬೇಕು ಎಂದು ಅವರಿಗೆ ನಾವು ಹೇಳಿಲ್ಲ. ತಾತ ಜಗಲಿಯ ಮೇಲೆ ಮಲಗಿದ್ದಾರೆ. ನಾನು ಒಂದು ಗಂಟೆಯ ಹಿಂದೆ ಸ್ಟೂಲು ಹತ್ತಿ ಬಂದೂಕನ್ನು ಕೆಳಗಿಳಿಸಿ ಮತ್ತೆ ಬೆಳಕಿಗೆ ಹಿಡಿದೆ. ಎಣ್ಣೆ ಬಿಟ್ಟ ಮೇಲೆ ಆ ಗೆರೆ ಇನ್ನೂ ಚೆನ್ನಾಗಿ ಕಾಣುತ್ತದೆ, ಹೊಳೆಯುತ್ತದೆ.

ಬಂದೂಕನ್ನು ಎಲ್ಲಾದರೂ ಬಚ್ಚಿಡೋಣ ಅನ್ನಿಸಿತು. ಇಟ್ಟರೆ ಮಾವ ಹುಡುಕುತ್ತಾರೆ, ಸಿಕ್ಕುತ್ತದೆ. ಬರೆದು ಪಟ್ಟಿಗೆ ಸಿಕ್ಕಿಸೋಣ ಅನ್ನಿಸಿತು. ಮಾವನಿಗೆ ಕನ್ನಡ ಓದಲು ಬರುವುದಿಲ್ಲ, ತಮಿಳಿನಲ್ಲಿ ಬರೆದರೂ ಅವರು ಚೀಟಿಯನ್ನು ನೋಡದೆ ಬಿಸಾಡುವವರು. ಬೇರೆ ದಾರಿ ಇಲ್ಲ.

ತಮಿಳರಸಿ ಅಕ್ಕ, ಇದನ್ನು ಸಂಚಿಕೆಗೆ ಹಾಕುವುದೋ ಬಿಡುವುದೋ ನೀವೇ ನೋಡಿ. ತಾತನ ಸುಖದ ಬಗ್ಗೆ ಬರೆದದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಇಲ್ಲಿಗೆ ಪೆನ್ನು ಇಡುತ್ತೇನೆ. ಈಗ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ, ಮಾವನ ಗಾಡಿ ನಿಂತ ಕೂಡಲೇ ಅವರು ಒಳಗೆ ಕಾಲಿಡುವ ಮೊದಲೇ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ.